ನಾಲ್ಕನೆಯವರಾಗಿ ಹೋದ ಗುಂಡುಕಲ್ಲು

ಫೋನು ಬಂದಾಗ ನಾನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಎರಡು ಸೇರು ಕಾಳು, ಒಬ್ಬಳೇ ಕೂತರೆ ಮಧ್ಯಾಹ್ನವೆಲ್ಲ ಬೇಕು. ಹನೂರಿನಿಂದ ನನ್ನ ನಾದಿನಿ, ಅವಳ ಗಂಡ, ಮಕ್ಕಳು ಸಂಜೆ ಊಟಕ್ಕೆ ಬರುತ್ತೇವೆಂದು ಹಿಂದಿನ ದಿನ ಹೇಳಿದ್ದರು. ಹಿತುಕಿದ ಬೇಳೆ ಸಾರು ಅಂದರೆ ಅವಳಿಗೆ ಪ್ರಾಣ.

ಮುಂದೆ ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ದೇವರನ್ನು ನಂಬುವವಳು. ಸೋಮವಾರ ಮಾದಪ್ಪನ ಹೆಸರಲ್ಲಿ ಒಪ್ಪತ್ತು ಇರುತ್ತೇನೆ, ದೀಪ ಹಚ್ಚದೆ ಕಾಫಿಯನ್ನೂ ಕುಡಿಯುವುದಿಲ್ಲ. ಆದರೆ ಕನಸಲ್ಲಿ ಬಂದು ಎಚ್ಚರಿಸಿತು, ಯಾರೋ ಕೈ ಹಿಡಿದು ಎಳೆದಂಗಾಯ್ತು ಅನ್ನುವಂಥ ಕತೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ನಮ್ಮ ಬೀದಿಯ ಹೆಂಗಸರು ಅಂಥ ಮಾತು ತೆಗೆದರೆ, ‘ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಕಣ್ರಿ’ ಅಂತ ಎದ್ದು ಬಂದುಬಿಡುತ್ತಿದ್ದೆ. ನನಗೆ ಗೊತ್ತಿದ್ದ ದೇವರ ಉಪಕಾರವೆಲ್ಲ ಚಿಕ್ಕ ಚಿಕ್ಕದು. ಹಬ್ಬದ ಅಡುಗೆ ಪೂರ್ತಿ ಮುಗಿದ ಮೇಲೆ ಗ್ಯಾಸು ಖಾಲಿಯಾಗುವುದು. ಬಟ್ಟೆ ಎಲ್ಲ ಒಳಗೆ ತಂದ ಮೇಲೆ ಮಳೆ ಹನಿಯುವುದು. ಅಷ್ಟಕ್ಕೇ ಕೈ ಮುಗಿದು ಸುಮ್ಮನಿರುವವಳು. ನಾಲ್ಕು ವರ್ಷದ ಹಿಂದೆ ನಡೆದ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮಾವನವರು ಇದ್ದಾಗ ಸೀರೆ ಗಂಟುಗಳನ್ನು ಮೈಸೂರಿಗೆ ಸಾಗಿಸಲು ಒಂದು ಹಳೇ ಅಂಬಾಸಿಡರ್ ಕಾರು ತೆಗೆದುಕೊಂಡಿದ್ದರು. ಅದು ನನ್ನ ಯಜಮಾನರಿಗಿಂತ ಎರಡು ವರ್ಷ ದೊಡ್ಡದು. ಮಾವ ಹೋದರು, ಮಗ್ಗ ನಾಲ್ಕರಿಂದ ಎರಡಕ್ಕೆ ಇಳಿಯಿತು, ಕಾರು ಮಾತ್ರ ಹೋಗಲಿಲ್ಲ. ಭಾನುವಾರ ಬಂತೆಂದರೆ ಯಜಮಾನರು ಲುಂಗಿ ಎತ್ತಿ ಕಟ್ಟಿ ಅದರ ಕೆಳಗೆ ನುಗ್ಗುವರು. ಗ್ರೀಸು ತುಂಬುವುದು, ರೇಡಿಯೇಟರಿಗೆ ನೀರು ಹಾಕುವುದು, ಪ್ಲಗ್ಗು ಬಿಚ್ಚಿ ಉಜ್ಜುವುದು. ನಾನು ಕಾಫಿ ಕುಡಿದೆನೋ ಇಲ್ಲವೋ ಎಂದು ಅವರು ಕೇಳಿದ್ದು ಕಡಿಮೆ. ಬ್ಯಾಟರಿಗೆ ನೀರು ಹಾಕಿದ್ದು ಮಾತ್ರ ಒಂದು ವಾರವೂ ತಪ್ಪಿದ್ದಿಲ್ಲ.

ಆ ಕಾಲದ ಗಾಡಿಗೆ ಸೀಟ್ ಬೆಲ್ಟೇ ಇರಲಿಲ್ಲ. ನಮ್ಮ ಮಗಳು ಸುಮ ಕಾಲೇಜು ಸೇರಿ, ಡ್ರೈವಿಂಗು ಕಲಿತ ಮೇಲೆ ಹಟ ಹಿಡಿದಳು. ‘ಬೆಲ್ಟ್ ಇಲ್ದೆ ನಾನು ಹತ್ತಲ್ಲ ಅಪ್ಪ. ನಿನ್ನ ಕಾರು ಅಷ್ಟು ಮುದ್ದಾದರೆ ನೀನೇ ಓಡಾಡು’ ಅಂದಳು. ಮಗಳ ಮಾತಿಗೆ ಅವರು ಕರಗಿದರು.

ಬೆಲ್ಟು ಹಾಕಿದವನು ಚಿನ್ನಪ್ಪ. ಮಾರ್ಟಳ್ಳಿಯವನು. ಮನೆಮಾತು ತಮಿಳು, ನಮ್ಮೂರಲ್ಲಿ ಗ್ಯಾರೇಜು. ಮುಂದಿನ ಎರಡಕ್ಕೆ ಭುಜದ ಮೇಲಿಂದ ಬರುವ ಬೆಲ್ಟು, ಹಿಂದಿನ ಎರಡಕ್ಕೆ ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟು ಎಂದು ತೀರ್ಮಾನವಾಯಿತು. ಅವನು ಕಾರಿನ ತಳದ ತಗಡಿಗೆ ತೂತು ಕೊರೆದು ವಾಷರ್ ಹಾಕಿ ಬೋಲ್ಟು ಬಿಗಿಯಲು ಹೊರಟಿದ್ದ. ಯಜಮಾನರು ಬಿಡಲಿಲ್ಲ.

‘ತಗಡು ಹಳೇದು ಕಣಯ್ಯ. ಜೋರಾಗಿ ಎಳೆದ್ರೆ ಬೋಲ್ಟೇ ಕಿತ್ಕೊಂಡು ಬತ್ತದೆ. ಮಗ್ಗದ ಕಂಬ ಅಲ್ಲಾಡ್ತಿದ್ರೆ ಹಾಸಿನ ನೂಲು ಬಿಗಿಯಾಗಿ ನಿಲ್ತದಾ? ಅಡಿಯಿಂದ ದಪ್ಪ ಪ್ಲೇಟು ಕೊಡು.’

‘ನಿಮ್ ಕಾರು ಸೀರೆ ನೇಯಕ್ಕಾ ಅಣ್ಣ, ಓಡ್ಸಕ್ಕಾ?’ ಎಂದು ಚಿನ್ನಪ್ಪ ನಕ್ಕ. ಆದರೂ ಅಂಗೈ ಅಗಲದ ಕಬ್ಬಿಣದ ಪ್ಲೇಟು ಕತ್ತರಿಸಿ ಪ್ರತಿ ಬೋಲ್ಟಿನ ಅಡಿಗೂ ಕೊಟ್ಟ. ಅದೊಂದು ಮಾತಿಗೆ ನಾನು ದಿನಾ ದೇವರಿಗೆ ಕೈ ಮುಗಿಯುತ್ತೇನೆ.

ಮೂರು ಬೆಲ್ಟು ಸರಿಯಾಗಿ ಕೂತವು. ಹಿಂದಿನ ಎಡಗಡೆಯದು ಮಾತ್ರ ಕೈ ಕೊಟ್ಟಿತು. ಅಂಗಡಿಯವರು ಕಳಿಸುವಾಗ ಪಟ್ಟಿಯ ನಾಲಿಗೆ ಒಂದು ಸೆಟ್ಟಿನದು, ಅದನ್ನು ಹಿಡಿಯುವ ಲಾಕು ಇನ್ನೊಂದು ಸೆಟ್ಟಿನದು ಸೇರಿಸಿಬಿಟ್ಟಿದ್ದರು. ನಾಲಿಗೆ ಲಾಕಿನ ಬಾಯಿಗೆ ಅರ್ಧ ಹೋಗಿ ನಿಲ್ಲುತ್ತಿತ್ತು. ಟಕ್ ಎನ್ನುತ್ತಿರಲಿಲ್ಲ. ಚಿನ್ನಪ್ಪ ಒತ್ತಿದ, ಯಜಮಾನರು ಒತ್ತಿದರು, ಸುಮ ಒತ್ತಿದಳು, ನಾನೂ ಒತ್ತಿ ನೋಡಿದೆ. ‘ಬೇರೇದು ಮೈಸೂರಿಂದ ಬರ್ತದೆ ಅಕ್ಕಾ, ಅಲ್ಲೀಗಂಟ ಆ ಸೀಟಲ್ಲಿ ಯಾರೂ ಕೂತ್ಕೋಬೇಡಿ’ ಅಂದ ಚಿನ್ನಪ್ಪ.

ಕಾರಿಗೆ ಹೊಸದೇನು ಹಾಕಿಸಿದರೂ ಮೊದಲ ಸವಾರಿ ಬಿಳಿಗಿರಿರಂಗನ ಬೆಟ್ಟಕ್ಕೆ. ಇದು ಮಾವನವರು ಇಟ್ಟ ಪದ್ಧತಿ. ಹೊಸ ಟೈರಿಗೂ ಅಷ್ಟೆ, ಹೊಸ ಹಾರನ್ನಿಗೂ ಅಷ್ಟೆ. ಆ ಭಾನುವಾರ ನಾವು ನಾಲ್ವರೂ ಹೊರಡುವುದೆಂದಿತ್ತು. ಯಜಮಾನರು, ಸುಮ, ಅತ್ತೆ, ನಾನು. ನಿಜ ಹೇಳಬೇಕೆಂದರೆ ಆ ಕೆಟ್ಟ ಬೆಲ್ಟಿನ ಸೀಟಲ್ಲಿ ಕೂರಬೇಕಾದವಳು ನಾನೇ. ‘ಒಂದು ದಿವಸ ತಾನೆ, ಏನಾಗಲ್ಲ ಬಿಡಿ’ ಎಂದು ನಾನೇ ಹೇಳಿದ್ದೆ. ಅಷ್ಟರಲ್ಲಿ ನಾದಿನಿಯ ಫೋನು ಬಂದು, ನಾನು ಅಡುಗೆಗೆ ನಿಂತೆ. ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಅತ್ತೆಯನ್ನು ಹತ್ತಿಸುವುದೇ ಒಂದು ಸಾಹಸ. ಸೊಂಟದ ಬೆಲ್ಟು ನೋಡಿ, ‘ನನ್ನೇನು ಸಂತೆಗೆ ಹೊಡ್ಕಂಡೋಯ್ತಾ ಇದ್ದೀರಾ, ಹಗ್ಗ ಹಾಕಿ ಕಟ್ಟಕ್ಕೆ?’ ಎಂದು ಮುನಿಸಿಕೊಂಡರು. ಯಜಮಾನರು ಗಂಭೀರವಾಗಿ, ‘ಹಾಕ್ಕಳ್ದಿದ್ರೆ ಕಾರು ಸ್ಟಾರ್ಟೇ ಆಗಲ್ಲ ಕಣವ್ವ. ಚಿನ್ನಪ್ಪ ಹಂಗೆ ಫಿಟ್ ಮಾಡವ್ನೆ’ ಎಂದರು. ಸುಮ ಮುಖ ಆ ಕಡೆ ತಿರುಗಿಸಿ ನಕ್ಕಳು. ಅತ್ತೆ ನಂಬಿ ಕಟ್ಟಿಸಿಕೊಂಡರು.

ಇನ್ನೇನು ಹೊರಡಬೇಕು, ಅತ್ತೆ ತಲೆ ಎಣಿಸಿದರು. ‘ನಿಲ್ಸೋ! ಮೂರ್ ಜನ ಆದ್ವಲ್ಲೋ. ಮೂರ್ ಜನ ಓಗ್ಬಾರ್ದು. ಲೇ, ಒಂದು ಕಲ್ಲು ತಕಂಡ್ ಬಾರೇ.’

ನಮ್ಮ ಕಡೆ ಗೊತ್ತಿರುವ ವಿಷಯವೇ. ಮೂರು ಜನ ಒಟ್ಟಿಗೆ ಹೊರಟರೆ ಅಪಶಕುನ, ಜೊತೆಗೆ ಒಂದು ಕಲ್ಲು ಇಟ್ಟುಕೊಂಡರೆ ಅದೇ ನಾಲ್ಕನೆಯವರು. ಬೆಣಚು ಕಲ್ಲಾದರೂ ಆದೀತು. ಆದರೆ ನಮ್ಮ ಬೀದಿಗೆ ಆ ವರ್ಷವಷ್ಟೇ ಕಾಂಕ್ರೀಟು ಹಾಕಿದ್ದರು. ಗುಡಿಸಿ ತೊಳೆದಂತಿದ್ದ ಬೀದಿಯಲ್ಲಿ ಒಂದು ಹರಳೂ ಸಿಗಲಿಲ್ಲ. ಒಲೆ ಮೇಲೆ ಅನ್ನ ಕುದಿಯುತ್ತಿತ್ತು. ಮನಸ್ಸಲ್ಲಿ ಬೈದುಕೊಂಡೇ ಹಿತ್ತಲಿಗೆ ಓಡಿ, ಒರಳಿನ ಗುಂಡುಕಲ್ಲನ್ನೇ ಎತ್ತಿ, ರೇಷ್ಮೆ ನೂಲು ತರುವ ದಪ್ಪ ಬಟ್ಟೆಯ ಕೈಚೀಲಕ್ಕೆ ಹಾಕಿ ತಂದೆ. ಐದಾರು ಕೆ.ಜಿ. ಇದ್ದೀತು. ಎಡಗಡೆ ಹಿಂದಿನ ಸೀಟಿನ ಮೇಲೆ ಕೂರಿಸಿದೆ.

‘ಅಮ್ಮ, ಇದು ನಾಲ್ಕನೇ ಜನ ಅಲ್ಲ, ನಾಲ್ಕನೇ ಪೈಲ್ವಾನ’ ಎಂದಳು ಸುಮ ಮುಂದಿನ ಸೀಟಿನಿಂದ.

‘ಅದ್ಕೂ ಒಂದು ಬೆಲ್ಟು ಕಟ್ಬುಡು, ಇಲ್ದಿದ್ರೆ ಕಾರು ಸ್ಟಾರ್ಟ್ ಆಗಲ್ವಂತೆ’ ಎಂದು ಅತ್ತೆ ಕುಟುಕಿದರು.

ತಮಾಷೆಗೇ ನಾನು ಪಟ್ಟಿಯನ್ನು ಚೀಲದ ಮುಂದೆ ತಂದು ನಾಲಿಗೆಯನ್ನು ಲಾಕಿಗೆ ಒತ್ತಿದೆ. ಅದು ಎಂದಿನಂತೆ ಅರ್ಧಕ್ಕೆ ನಿಂತಿತು. ಎರಡು ಸಲ ಒತ್ತಿದೆ, ಬಿಟ್ಟೆ. ಪಟ್ಟಿಯ ಎರಡೂ ತುದಿ ಸೀಟಿನ ಮೇಲೆ ಬೇರೆ ಬೇರೆ ಬಿದ್ದಿದ್ದವು. ಬಾಗಿಲು ಹಾಕಿದೆ. ಇಷ್ಟು ನನಗೆ ಅಂಗೈ ನೋಡಿದಷ್ಟು ಸ್ಪಷ್ಟವಾಗಿ ನೆನಪಿದೆ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದು ಮುಂದೆ ನಿಮಗೇ ತಿಳಿಯುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಬಂದ ಫೋನು ಗೊತ್ತಿಲ್ಲದ ನಂಬರಿನದು. ಗಂಡಸಿನ ದನಿ. ‘ಅಮ್ಮಾ, ಬೆಟ್ಟದಿಂದ ಮಾತಾಡ್ತಿರೋದು. ನಿಮ್ಮೋರ್ ಕಾರು ಇಳಿಜಾರಲ್ಲಿ ಮೋರಿಗೆ ಒಡ್ದದೆ…’ ಅಷ್ಟೇ ಕೇಳಿಸಿದ್ದು. ಬೆಟ್ಟದಲ್ಲಿ ಸಿಗ್ನಲ್ಲು ಸಿಗುವುದೇ ಕಷ್ಟ. ತಿರುಗಿ ಮಾಡಿದೆ, ಹೋಗಲಿಲ್ಲ. ಯಜಮಾನರಿಗೆ ಮಾಡಿದೆ, ಸುಮಳಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಆ ಹೆಂಗಸು ತಣ್ಣಗೆ ಹೇಳುತ್ತಲೇ ಇದ್ದಳು.

ಏನು ಮಾಡಲಿ? ಅಲ್ಲೇ ಕೂತು ಮತ್ತೆ ಕಾಳಿಗೆ ಕೈ ಹಾಕಿದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತು. ಒಂದು ಕಾಳು ಹಿತುಕುವುದು, ಮಾದಪ್ಪ ಅನ್ನುವುದು. ಇನ್ನೊಂದು ಕಾಳು, ರಂಗಪ್ಪ. ಒಂದು ಬೇಳೆ ಯಜಮಾನರಿಗೆ, ಒಂದು ಸುಮಳಿಗೆ, ಒಂದು ಅತ್ತೆಗೆ. ಯಾವುದೂ ನೆಲಕ್ಕೆ ಬೀಳದಂತೆ ನೋಡಿಕೊಂಡೆ. ನಾನು ಜೀವನದಲ್ಲಿ ಮಾಡಿದ ಅತಿ ದೊಡ್ಡ ಪೂಜೆ ಅದೇ ಇರಬೇಕು.

ಇಪ್ಪತ್ತು ನಿಮಿಷ ಕಳೆದು ಸುಮ ಮಾಡಿದಳು. ‘ಅಮ್ಮ, ಮೊದಲು ಕೇಳು. ಮೂರು ಜನಾನೂ ಚೆನ್ನಾಗಿದ್ದೀವಿ.’ ಅವಳು ಅದನ್ನೇ ಮೊದಲು ಹೇಳಿದ್ದಕ್ಕೆ ದೇವರು ಆ ಮಗುವಿಗೆ ನೂರು ವರ್ಷ ಆಯಸ್ಸು ಕೊಡಲಿ. ಪೂಜೆ ಮುಗಿಸಿ ಇಳಿಯುವಾಗ ತಿರುವಿನಲ್ಲಿ ಕಡವೆಯೊಂದು ಎಗರಿ ಅಡ್ಡ ಬಂದಿತ್ತು. ಯಜಮಾನರು ಬ್ರೇಕು ಒತ್ತಿ ಎಡಕ್ಕೆ ಎಳೆದಿದ್ದರು. ಕಾರು ಮೋರಿಯ ಕಟ್ಟೆಗೆ ಮೂತಿ ಗುದ್ದಿ ನಿಂತಿತ್ತು. ಕಟ್ಟೆಯ ಆಚೆ ಬರೀ ಬಿದಿರು, ಕೆಳಗೆ ಕೊರಕಲು.

ಮೊದಲು ಫೋನು ಮಾಡಿದವರು ಕಾಡು ಕಾಯುವ ಸೋಲಿಗರೊಬ್ಬರು. ಅವರೇ ಜೀಪು ಹತ್ತಿಸಿ ಕಳಿಸಿದರು. ನಾಲ್ಕೂವರೆಗೆ ಮೂವರೂ ಮನೆಬಾಗಿಲಲ್ಲಿ ಇಳಿದರು. ಯಜಮಾನರ ಮೊಣಕಾಲು ತರಚಿತ್ತು. ಸುಮಳ ಭುಜದಿಂದ ಎದೆಯವರೆಗೆ ಬೆಲ್ಟು ಒತ್ತಿದ ಕೆಂಪು ಗೆರೆ. ಅತ್ತೆಗೆ ಒಂದು ಗಾಯವೂ ಇಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ‘ಆ ಹಗ್ಗ ಇಲ್ದಿದ್ರೆ ನಾನು ಗಾಜು ಒಡ್ಕಂಡು ರಂಗಪ್ಪನ ಪಾದಕ್ಕೇ ಓಯ್ತಿದ್ದೆ ಕಣವ್ವ! ನನ್ ತೊಡೆ ಮೇಲಿದ್ದ ಸ್ಟೀಲ್ ಫ್ಲಾಸ್ಕು ಹಾರಿ ಓಗಿ ಮುಂದ್ಗಡೆ ಗಾಜ್ಗೆ ಬಡೀತು. ಇಡೀದಾಗೇ ಕೊಟ್ಟಿದ್ದ ಪ್ರಸಾದದ ಕಾಯಿ ಎರಡು ಓಳಾಯ್ತು.’

ನಾನು ಮೂವರ ಮುಖವನ್ನೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ದೃಷ್ಟಿ ತೆಗೆದು, ಕಾಫಿ ಕೊಟ್ಟೆ. ಆಗ ಯಜಮಾನರು ಲೋಟ ಕೆಳಗಿಟ್ಟು, ‘ಕಲ್ಲು ಕಾರಲ್ಲೇ ಐತೆ ಕಣೆ. ಚಿನ್ನಪ್ಪ ಎಳ್ಕೊಂಡು ಬತ್ತಾವ್ನೆ. ಅದಕ್ಕೆ ಬೆಲ್ಟು ಚೆನ್ನಾಗೇ ಬಿಗಿದಿದ್ದೀಯ, ನಾನು ಎಷ್ಟು ಒತ್ತಿದ್ರೂ ಬಿಚ್ಚಲಿಲ್ಲ’ ಎಂದರು.

‘ನಾನು ಎಲ್ಲಿ ಬಿಗಿದೆ? ಅದು ಲಾಕೇ ಆಗಲ್ವಲ್ಲ.’

‘ಮತ್ತೆ ಸುಮ ಹಾಕಿರ್ಬೇಕು.’

‘ನಾನಾ? ನಾನು ಮುಂದೆ ಕೂತಿದ್ದೆ. ಅಮ್ಮಾನೇ ಹಾಕಿದ್ದು ಅಂದ್ಕೊಂಡೆ’ ಎಂದಳು ಸುಮ.

ನಾವೆಲ್ಲ ಅತ್ತೆಯನ್ನು ನೋಡಿದೆವು. ಅವರು ಎರಡೂ ಕೈ ಮುಂದೆ ಚಾಚಿದರು. ವಾತದಿಂದ ಸೊಟ್ಟಗಾಗಿರುವ ಬೆರಳುಗಳು. ಸೀರೆ ನೆರಿಗೆಯನ್ನೂ ನಾನೇ ಹಿಡಿದುಕೊಡಬೇಕು. ‘ನನ್ ಹಗ್ಗಾನೇ ಬಿಚ್ಚಕ್ಕಾಗಲ್ಲ, ಕಲ್ಲಿಗೆ ಕಟ್ಟಕ್ಕೋಯ್ತೀನಾ? ಮಾದಪ್ಪನಾಣೆ’ ಎಂದರು. ಅತ್ತೆ ಮಾದಪ್ಪನ ಹೆಸರಲ್ಲಿ ಸುಳ್ಳಾಣೆ ಇಡುವವರಲ್ಲ.

ಆರು ಗಂಟೆ ಹೊತ್ತಿಗೆ ಕಾರು ಬಂತೆಂದು ಚಿನ್ನಪ್ಪನ ಫೋನು. ಗ್ಯಾರೇಜು ಎರಡು ಬೀದಿ ಆಚೆ. ಯಜಮಾನರ ಜೊತೆ ನಾನೂ ಹೋದೆ. ಮುಂದಿನ ಬಾನೆಟ್ಟು ಮಡಿಚಿಹೋಗಿತ್ತು. ಅದನ್ನು ನೋಡಿ ಯಜಮಾನರು ಬಾಗಿಲ ಮೇಲೆ ಕೈಯಿಟ್ಟು ನಿಂತರು. ನಾನು ಹಿಂದಿನ ಬಾಗಿಲು ತೆಗೆದೆ.

ಗುಂಡುಕಲ್ಲಿನ ಚೀಲ ನಾನು ಇಟ್ಟ ಜಾಗದಲ್ಲೇ ಇತ್ತು. ಬೆಲ್ಟಿನ ಪಟ್ಟಿ ಚೀಲದ ಎರಡೂ ಹಿಡಿಕೆಗಳ ಒಳಗಿಂದ ತೂರಿ ಬಂದು, ನಾಲಿಗೆ ಲಾಕಿನೊಳಗೆ ಪೂರ್ತಿ ಇಳಿದು ಕೂತಿತ್ತು. ಯಾರೋ ತಿಳಿದವರು, ಸಾವಧಾನವಾಗಿ ಮಾಡಿದ ಕೆಲಸದ ಹಾಗೆ. ಪಟ್ಟಿಯಲ್ಲಿ ಒಂದು ತಿರುಚೂ ಇರಲಿಲ್ಲ.

ಚಿನ್ನಪ್ಪ ಬಗ್ಗಿ ನೋಡಿದ. ಆಮೇಲೆ ಮುಂದಿನ ಸೀಟು ನೋಡಿದ. ಆ ಹಳೇ ಕಾರಿನ ಸೀಟಿಗೆ ತಲೆ ಆನಿಸುವ ದಿಂಬಿಲ್ಲ, ಕೂತವರ ತಲೆ ಸೀಟಿನ ಮೇಲೆ ಪೂರ್ತಿ ಕಾಣುತ್ತದೆ. ‘ಅಕ್ಕಾ, ಮುಂದೆ ಇಲ್ಲಿ ಯಾರ್ ಕೂತಿದ್ದು?’

‘ಸುಮ.’

ಅವನು ಮುಂದಿನ ಗಾಜಿನ ಕಡೆ ಕೈ ತೋರಿಸಿದ. ಫ್ಲಾಸ್ಕು ಬಡಿದ ಕಡೆ ಗಾಜು ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ನೀರಿನ ಫ್ಲಾಸ್ಕು ಅಷ್ಟು ಮಾಡಿದ್ದರೆ, ಐದಾರು ಕೆ.ಜಿ. ಗುಂಡುಕಲ್ಲು? ಆಗ ನನಗೆ ಅರ್ಥವಾಯಿತು. ನನ್ನ ಮಗಳ ತಲೆಯ ಹಿಂದೆ ಆ ಕಲ್ಲನ್ನು ತಂದಿಟ್ಟವಳು ನಾನು. ಒಲೆ ಮೇಲಿನ ಅನ್ನದ ಆತುರಕ್ಕೆ, ಅತ್ತೆಯ ಮೇಲಿನ ಸಿಟ್ಟಿಗೆ, ಸಿಕ್ಕಿದ ಕಲ್ಲನ್ನು ಎತ್ತಿ ತಂದು ಇಟ್ಟಿದ್ದೆ. ಗ್ಯಾರೇಜಿನ ಎಣ್ಣೆ ನೆಲದ ಮೇಲೇ ಕೂತುಬಿಟ್ಟೆ.

ಚಿನ್ನಪ್ಪ ಲಾಕಿನ ಗುಂಡಿ ಒತ್ತಿದ. ಬಿಚ್ಚಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಮೇಲೆ ನಾಲಿಗೆ ಹೊರಬಂತು. ತಿರುಗಿ ಹಾಕಲು ನೋಡಿದ. ಅರ್ಧಕ್ಕೆ ನಿಂತಿತು. ಸುತ್ತಿಗೆಯ ಹಿಡಿಯಿಂದ ತಟ್ಟಿದ, ಆಗಲೂ ಅರ್ಧಕ್ಕೇ. ‘ಇದಕ್ಕೆ ಅದು ಕೂರೋದೇ ಇಲ್ಲ ಅಣ್ಣ’ ಎಂದವನು ‘ಮಾದಾವೇ’ ಎಂದು ತನ್ನ ಚರ್ಚಿನ ಮಾತೆಯನ್ನು ಕರೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ನಾನು ನನ್ನ ಮಾದಪ್ಪನಿಗೆ ಕೈ ಮುಗಿದೆ. ಅವನ ತಾಯಿಯೋ, ನನ್ನ ಅಪ್ಪನೋ, ಬೆಟ್ಟದ ರಂಗಪ್ಪನೋ, ಯಾರೆಂದು ನಾವಿಬ್ಬರೂ ವಾದ ಮಾಡಲಿಲ್ಲ.

ಆಮೇಲೆ ಎಲ್ಲರೂ ಒಂದೊಂದು ಕಾರಣ ಹುಡುಕಿದರು. ಗುದ್ದಿದ ರಭಸಕ್ಕೆ ನಾಲಿಗೆ ತಾನೇ ಒಳಗೆ ಹೋಗಿರಬೇಕು ಎಂದರು ನಾದಿನಿಯ ಗಂಡ. ಹೋಗಿರಬಹುದು. ಆದರೆ ಪಟ್ಟಿ ಎರಡು ಹಿಡಿಕೆಗಳೊಳಗೆ ತೂರಿದ್ದು ಹೇಗೆ? ಎಡಗಡೆ ಹಿಂದಿನ ಬಾಗಿಲಿನ ಬೀಗ ಸರಿಯಿಲ್ಲ, ನಾವು ಗುಡಿಯಲ್ಲಿದ್ದಾಗ ಯಾರಾದರೂ ಬಾಗಿಲು ತೆಗೆದಿರಬಹುದು ಎಂದಳು ಸುಮ. ಅದೂ ಇರಬಹುದು. ಆದರೆ ಬೀಗವಿಲ್ಲದ ಕಾರಿಗೆ ನುಗ್ಗಿ, ಸೀಟಿನ ಮೇಲಿದ್ದ ಫ್ಲಾಸ್ಕನ್ನೂ ಮುಟ್ಟದೆ, ಕಲ್ಲಿಗೆ ಬೆಲ್ಟು ಕಟ್ಟಿ ಹೋಗುವ ಪುಣ್ಯಾತ್ಮ ಯಾರು? ಹಾಗೆ ಯಾರಾದರೂ ಇದ್ದು ಇದನ್ನು ಓದುತ್ತಿದ್ದರೆ, ಅಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ. ಆದರೂ ನಾಲ್ಕು ಜನರ ಕೈಗೆ ಬಗ್ಗದ ಲಾಕು ನಿನಗೆ ಹೇಗೆ ಬಗ್ಗಿತು ಎಂದು ಒಂದು ಮಾತು ಹೇಳಿ ಹೋಗು.

ಮಾವನವರೇ ಬಂದು ಕಟ್ಟಿದ್ದು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ನಾನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದನ್ನು ಇಷ್ಟು ನೆಮ್ಮದಿಯಿಂದ ಹೇಳಬಹುದೆಂದು ಆ ಸಂಜೆಯವರೆಗೆ ತಿಳಿದಿರಲಿಲ್ಲ. ಕಾರು ಆರು ತಿಂಗಳಲ್ಲಿ ಮತ್ತೆ ಓಡಾಡುವಂತಾಯಿತು. ನಾಲ್ಕನೇ ಬೆಲ್ಟಿಗೆ ಸರಿಯಾದ ಲಾಕು ಬಂತು, ಆ ಸೀಟಿನಲ್ಲಿ ನಾನು ಕೂರುತ್ತೇನೆ. ಟಕ್ ಎನ್ನುವ ಸದ್ದು ಎರಡು ಸಲ ಕೇಳಿಸಿಕೊಳ್ಳುತ್ತೇನೆ. ಮೂರೇ ಜನ ಹೊರಟ ದಿನಕ್ಕೆಂದು ದೇವರ ಗೂಡಿನ ಪಕ್ಕ ಒಂದು ಡಬ್ಬಿಯಲ್ಲಿ ಹುಣಸೆಬೀಜದಷ್ಟು ಚಿಕ್ಕ ಕಲ್ಲುಗಳನ್ನು ಇಟ್ಟಿದ್ದೇನೆ.

ಆ ಸಂಜೆ ಗುಂಡುಕಲ್ಲನ್ನು ಮಗುವಿನಂತೆ ಸೊಂಟದ ಮೇಲೆ ಹೊತ್ತು ಮನೆಗೆ ಬಂದೆ. ನಾದಿನಿ ಆಗಲೇ ಬಂದು ಸುಮಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಅತ್ತೆ ಕಲ್ಲನ್ನು ಕಂಡವರೇ, ‘ಅದ ದೇವರ ಮನೇಲಿ ಇಡವ್ವ, ಇನ್ಮೇಲೆ ಅದು ರುಬ್ಬೋ ಕಲ್ಲಲ್ಲ’ ಎಂದು ಕೈ ಮುಗಿದರು.

ನಾನು ತೊಳೆದೆ. ಅರಿಸಿನ ಕುಂಕುಮ ಇಟ್ಟೆ. ಒಂದು ನಿಮಿಷ ಅದರ ಮುಂದೆ ಕೂತೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಸಿ ತಿರುಗುವಂತಿರಲಿಲ್ಲ, ಎಂಟು ಜನರ ಊಟ, ಹಿತುಕಿದ ಬೇಳೆ ಪಾತ್ರೆ ತುಂಬಾ ಕಾಯುತ್ತಿತ್ತು.

‘ಅತ್ತೆ, ನಮ್ಮನೆಯವರೆಲ್ಲ ಇವತ್ತು ಉಣ್ತಾರಲ್ಲ, ಈ ಕಲ್ಲಿಗೆ ಅದಕ್ಕಿಂತ ದೊಡ್ಡ ಪೂಜೆ ಯಾವುದು?’ ಎಂದೆ. ಅವರು, ‘ಹಂಗಾದ್ರೆ ಪ್ರಸಾದದ ಕಾಯೀನೇ ಹಾಕು’ ಎಂದರು.

ಬೆಟ್ಟದ ತಿರುವಿನಲ್ಲಿ ಒಡೆದ ತೆಂಗಿನಕಾಯಿಯ ಹೋಳು ತುರಿದು, ಈರುಳ್ಳಿ, ಬೆಳ್ಳುಳ್ಳಿ, ಧನಿಯ, ಗಸಗಸೆ ಸೇರಿಸಿ, ಗುಂಡುಕಲ್ಲನ್ನು ಒರಳಿಗೆ ಇಳಿಸಿ ನಾನು ಮಸಾಲೆ ರುಬ್ಬಲು ಕೂತೆ.